ಟೀಮ್ ಚಾಟ್‌ನಲ್ಲಿ ಯಾವ ಚಾನೆಲ್‌ಗೆ ಬೀಗ ಹಾಕಬೇಕು, ಯಾವುದಕ್ಕೆ ಬೇಡ: ಸಮಗ್ರ ಮಾರ್ಗದರ್ಶಿ

ಆಫೀಸಿನ ಚಾಟ್ ಟೂಲ್ ಆದ ಸ್ಲ್ಯಾಕ್‌ನಲ್ಲಿ ಹೊಸ ಚಾನೆಲ್ ಮಾಡಲು ಹೋದರೆ ಮೊದಲು ಹೆಸರು ಕೇಳುತ್ತದೆ, ಆಮೇಲೆ ಪಬ್ಲಿಕ್ಕೋ ಪ್ರೈವೇಟೋ ಎಂದು ಕೇಳುತ್ತದೆ. ಹೆಸರಿಗಾಗಿ ಐದು ನಿಮಿಷ ಜಗಳ ಆಡುವ ಟೀಮ್‌ಗಳು ಎರಡನೆಯ ಪ್ರಶ್ನೆಯನ್ನು ಸರಿಯಾಗಿ ಓದುವುದೂ ಇಲ್ಲ. "ಸದ್ಯಕ್ಕೆ ಪ್ರೈವೇಟ್ ಇರಲಿ, ಆಮೇಲೆ ನೋಡೋಣ" ಎಂದು ಒತ್ತಿ ಮುಂದೆ ಹೋಗುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ವರ್ಷ ಕಳೆದ ಮೇಲೆ ಹೊಸದಾಗಿ ಸೇರಿದವರೊಬ್ಬರು ರೀಫಂಡ್ ಜಾಬ್ ಯಾಕೆ ಎರಡು ಸಲ ಓಡುತ್ತದೆ ಎಂದು ಸರ್ಚ್ ಮಾಡಿದರೆ ಏನೂ ಸಿಗುವುದಿಲ್ಲ. ಉತ್ತರ ಇದೆ, ಆದರೆ ಅದು ನಾಲ್ಕೇ ಜನರಿರುವ, ಬೀಗ ಹಾಕಿದ ಚಾನೆಲ್‌ನಲ್ಲಿದೆ. ಆ ನಾಲ್ವರಲ್ಲಿ ಇಬ್ಬರು ಆಗಲೇ ಕೆಲಸ ಬಿಟ್ಟಿರುತ್ತಾರೆ.

ಹತ್ತರಿಂದ ಇನ್ನೂರು ಜನ ಇರುವ ಸಾಫ್ಟ್‌ವೇರ್ ಟೀಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಮಾತು ಓಪನ್ ಇರಲಿ, ಬೀಗ ಹಾಕುವುದಾದರೆ ಒಂದು ಸಾಲಿನ ಕಾರಣ ಇರಲಿ. ಇದು ಹೊಸ ಮಾತೇನಲ್ಲ, ಮೀಟಿಂಗ್‌ನಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಆದರೂ ಬೀಗಗಳು ಹೆಚ್ಚುತ್ತಲೇ ಹೋಗುತ್ತವೆ. ಯಾಕೆಂದರೆ ನಮ್ಮ ಆಫೀಸುಗಳಲ್ಲಿ ಪ್ರೈವೇಟ್ ಚಾನೆಲ್ ಹುಟ್ಟುವುದು ಗುಟ್ಟು ಕಾಯುವುದಕ್ಕಿಂತ ಜಾಸ್ತಿ ಸಂಕೋಚದಿಂದ. ಆ ಸಂಕೋಚಕ್ಕೆ ಏನೂ ಮಾಡದೆ "ನಾಳೆಯಿಂದ ಎಲ್ಲಾ ಓಪನ್" ಎಂದು ಆದೇಶ ಹೊರಡಿಸಿದರೆ ಜನ ಸುಮ್ನೆ ವಾಟ್ಸಾಪ್‌ಗೆ ಹೋಗುತ್ತಾರೆ, ಅಷ್ಟೇ.

ಹಂತ 1: ನಿಮ್ಮ ಟೂಲ್‌ನಲ್ಲಿ ಬೀಗ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಪಬ್ಲಿಕ್ ಎಂದರೆ ಇಲ್ಲಿ ಊರಿಗೆಲ್ಲ ಓಪನ್ ಅಂತಲ್ಲ. ನಿಮ್ಮ ಕಂಪನಿಯ ವರ್ಕ್‌ಸ್ಪೇಸ್‌ನಲ್ಲಿರುವ ಉದ್ಯೋಗಿ ಯಾರೇ ಆಗಲಿ ಹುಡುಕಿ ಓದಬಹುದು, ಬೇಕಾದರೆ ಸೇರಬಹುದು, ಇಷ್ಟೇ. ಹೊರಗಿನಿಂದ ಗೆಸ್ಟ್ ಆಗಿ ಬಂದವರಿಗೆ ಅವರನ್ನು ಸೇರಿಸಿದ ಚಾನೆಲ್ ಮಾತ್ರ ಕಾಣುತ್ತದೆ. ಪ್ರೈವೇಟ್ ಚಾನೆಲ್ ಒಳಗಿನವರು ಕರೆದರೆ ಮಾತ್ರ ಸಿಗುತ್ತದೆ, ಸೇರದವರ ಸರ್ಚ್‌ನಲ್ಲಿ ಬರುವುದಿಲ್ಲ.

ಇನ್ನು ಪ್ರತಿ ಟೂಲ್‌ಗೂ ಅದರದ್ದೇ ರೂಲ್ಸ್ ಇವೆ. ಸ್ಲ್ಯಾಕ್‌ನಲ್ಲಿ ಪ್ರೈವೇಟ್ ಚಾನೆಲ್‌ಗೆ ಹೊಸಬರನ್ನು ಸೇರಿಸಿದರೆ ಅವರಿಗೆ ಹಳೆಯ ಮಾತುಕತೆಯೂ ಪೂರ್ತಿ ಕಾಣುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂದರ್ಶನಕ್ಕೆ ಬಂದವರ ಬಗ್ಗೆ ಏನೇನೋ ಬರೆದ ಚಾನೆಲ್‌ಗೆ, ಅದೇ ಸಂದರ್ಶನ ಮುಗಿಸಿ ಕೆಲಸಕ್ಕೆ ಸೇರಿದವರನ್ನೇ ಆರು ತಿಂಗಳ ನಂತರ ಸೇರಿಸಿದರೆ ಏನಾಗುತ್ತದೆ, ಯೋಚಿಸಿ. ಝುಲಿಪ್‌ನಲ್ಲಿ ಇದಕ್ಕೊಂದು ದಾರಿ ಇದೆ: ಪ್ರೈವೇಟ್ ಚಾನೆಲ್ ಮಾಡುವಾಗಲೇ ಹೊಸಬರಿಗೆ ಹಳೆಯದು ಕಾಣಬೇಕೋ ಬೇಡವೋ ಎಂದು ಆರಿಸಬಹುದು. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಪ್ರೈವೇಟ್ ಚಾನೆಲ್ ಬಂದದ್ದೇ 2019ರ ಕೊನೆಯಲ್ಲಿ. ಅಲ್ಲಿ ಆ ಟೀಮ್‌ನ ಸದಸ್ಯರನ್ನು ಮಾತ್ರ ಸೇರಿಸಬಹುದು, ಫೈಲ್‌ಗಳು ಬೇರೆಯದೇ ಶೇರ್‌ಪಾಯಿಂಟ್ (ಮೈಕ್ರೋಸಾಫ್ಟ್‌ನಲ್ಲಿ ಫೈಲ್ ಇಡುವ ಜಾಗ) ಸೈಟ್‌ಗೆ ಹೋಗುತ್ತವೆ. ಮಾಮೂಲಿ ಚಾನೆಲ್ ಮಾಡಿ ಆಮೇಲೆ ಅದನ್ನೇ ಪ್ರೈವೇಟ್ ಮಾಡೋಣ ಎಂದರೆ ದಾರಿ ಇಲ್ಲ, ಹೊಸದಾಗಿ ಮಾಡಬೇಕು. ಡಿಸ್ಕಾರ್ಡ್‌ನಲ್ಲಿ ಹೆಚ್ಚಿನದೆಲ್ಲ ರೋಲ್ (ಸದಸ್ಯರಿಗೆ ಕೊಡುವ ಪಾತ್ರ) ಮೇಲೆ ನಿಂತಿದೆ, ಒಂದು ರೋಲ್ ತಪ್ಪಿ ಕೊಟ್ಟರೆ ಎಷ್ಟೋ ಬೀಗ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಅಂದಹಾಗೆ ಈ ಓಪನ್, ಸೀಕ್ರೆಟ್ ಎಂಬ ಜಗಳ ಹೊಸದಲ್ಲ. ಫಿನ್ಲೆಂಡಿನ ಔಲುವಿನಲ್ಲಿ ಯಾರ್ಕೋ ಓಯ್ಕಾರಿನೆನ್ 1988ರಲ್ಲಿ ಶುರು ಮಾಡಿದ ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯಲ್ಲೂ ಚಾನೆಲ್‌ಗೆ ಸೀಕ್ರೆಟ್ ಮೋಡ್, ಕರೆದವರಿಗೆ ಮಾತ್ರ ಎನ್ನುವ ಮೋಡ್ ಬೇರೆ ಬೇರೆ ಇವೆ. ಈಗ ನಾವು ಬಳಸುವ ಹ್ಯಾಶ್ ಗುರುತೂ ಅಲ್ಲಿಂದ ಬಂದದ್ದೇ.

ಇನ್ನೊಂದು ಮಾತು. ಬೀಗ ಇರುವುದು ಸಹೋದ್ಯೋಗಿಗಳಿಗೆ, ಕಂಪನಿಗಲ್ಲ. ಪ್ಲಾನ್ ಮತ್ತು ಕಾನೂನಿನ ಅಗತ್ಯ ನೋಡಿಕೊಂಡು ಕಂಪನಿ ಪ್ರೈವೇಟ್ ಚಾನೆಲ್, ಡಿಎಂ (ಒಬ್ಬರಿಗೊಬ್ಬರು ನೇರವಾಗಿ ಕಳಿಸುವ ಮೆಸೇಜ್) ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಸಿಕೊಳ್ಳಬಹುದು. ಬಾಸ್ ಬಗ್ಗೆ ಬೈಯುವುದಿದ್ದರೆ ಚಹಾ ಅಂಗಡಿಯೇ ವಾಸಿ.

ಹಂತ 2: ಈಗ ಮಾತು ಎಲ್ಲಿ ನಡೆಯುತ್ತಿದೆ ನೋಡಿ

ಹೊಸ ರೂಲ್ ಬರೆಯುವ ಮೊದಲು ಅಡ್ಮಿನ್ ಹತ್ತಿರ ಅನಲಿಟಿಕ್ಸ್ ಪುಟ ತೆರೆಸಿ. ಸ್ಲ್ಯಾಕ್‌ನಲ್ಲಿ ಪಬ್ಲಿಕ್ ಚಾನೆಲ್‌ಗಳಲ್ಲಿ ಎಷ್ಟು, ಪ್ರೈವೇಟ್‌ನಲ್ಲಿ ಎಷ್ಟು, ಡಿಎಂನಲ್ಲಿ ಎಷ್ಟು ಮೆಸೇಜ್ ಹೋಗುತ್ತಿವೆ ಎಂದು ಅದು ತೋರಿಸುತ್ತದೆ. ಯಾರು ಏನು ಬರೆದರು ಎಂದು ಅಲ್ಲಿ ಕಾಣುವುದಿಲ್ಲ, ಬೇಕಾಗಿಯೂ ಇಲ್ಲ. ಡಿಎಂ ಪಾಲೇ ಜಾಸ್ತಿ ಇದ್ದರೆ ನಿಮ್ಮ ತಲೆನೋವು ಪ್ರೈವೇಟ್ ಚಾನೆಲ್ ಅಲ್ಲ, ಹಂತ 5ಕ್ಕೆ ನೇರವಾಗಿ ಹೋಗಿ. ಅನಲಿಟಿಕ್ಸ್ ಸಿಗದಿದ್ದರೂ ಪರವಾಗಿಲ್ಲ. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು "ಕಳೆದ ವಾರ ನಿನಗೆ ಬೇಕಾದ ಉತ್ತರ ಎಲ್ಲಿ ಸಿಕ್ಕಿತು?" ಎಂದು ಕೇಳಿ. ಸರ್ಚ್‌ನಲ್ಲಿ ಸಿಕ್ಕಿತು ಎಂದರೆ ಒಳ್ಳೆಯದು. "ಪಕ್ಕದಲ್ಲಿ ಕೂತವರನ್ನು ಕೇಳಿದೆ, ಅವರು ಇನ್ಯಾರನ್ನೋ ಕೇಳಿ ಹೇಳಿದರು" ಎಂದರೆ ಪರಿಸ್ಥಿತಿ ಏನು ಎಂದು ಗೊತ್ತಾಯಿತಲ್ಲ.

ಹಂತ 3: ಕೆಲಸದ ಪ್ರತಿ ಚಾನೆಲ್‌ಗೂ ಒಂದೇ ಪ್ರಶ್ನೆ

ಈ ಮಾತನ್ನು ಕಂಪನಿಯ ಬೇರೆ ಟೀಮ್‌ನವರು ಯಾರೋ ಓದಿದರೆ ಯಾರಿಗೆ, ಏನು ತೊಂದರೆ?

ಉತ್ತರದಲ್ಲಿ ಒಬ್ಬ ವ್ಯಕ್ತಿಯ ಮಾನ, ಒಂದು ಕಾನೂನು, ಒಬ್ಬ ಗ್ರಾಹಕರ ಮಾಹಿತಿ ಅಥವಾ ಇನ್ನೂ ಮುಚ್ಚದ ಸೆಕ್ಯುರಿಟಿ ತೂತು ಬಂದರೆ ಬೀಗ ಹಾಕಿ. ಬೇರೆ ಯಾವ ಉತ್ತರ ಬಂದರೂ ಹಾಕಬೇಡಿ. ಬರುವ ಉತ್ತರಗಳೂ ಹೆಚ್ಚುಕಡಿಮೆ ಅವೇ.

"ಸುಮ್ನೆ ಗಲಾಟೆ ಆಗುತ್ತದೆ" ಎನ್ನುತ್ತಾರೆ. ಓಪನ್ ಚಾನೆಲ್‌ಗೆ ಯಾರೂ ಸೇರಲೇಬೇಕೆಂದಿಲ್ಲ, ಸೇರಿದವರು ಮ್ಯೂಟ್ ಮಾಡಬಹುದು. ಗಲಾಟೆಗೆ ಮ್ಯೂಟ್ ಇದೆ, ಬೀಗ ಬೇರೆ ಕೆಲಸಕ್ಕೆ. "ಅವರಿಗೆ ಅರ್ಥ ಆಗಲ್ಲ" ಎನ್ನುತ್ತಾರೆ. ಅರ್ಥ ಆಗದಿದ್ದರೆ ಅವರು ಓದುವುದಿಲ್ಲ, ಅಲ್ವಾ? "ಇನ್ನೂ ಐಡಿಯಾ ಹಸಿ ಇದೆ" ಎನ್ನುವುದರಲ್ಲಿ ಸ್ವಲ್ಪ ನ್ಯಾಯವಿದೆ. ಇಬ್ಬರು ಮೂವರು ಕೂತು ಒಂದು ಹರಕು ಡಿಸೈನ್ ಬಗ್ಗೆ ಮಾತಾಡುವಾಗ ಇಪ್ಪತ್ತು ಜನ ಬಂದು ಸಲಹೆ ಕೊಟ್ಟರೆ ಕೆಲಸ ಸಾಗುವುದಿಲ್ಲ. ಅದಕ್ಕೆ ಓಪನ್ ಚಾನೆಲ್ ಮಾಡಿ, ಟಾಪಿಕ್‌ನಲ್ಲಿ (ಚಾನೆಲ್‌ನ ತಲೆಯಲ್ಲಿ ಕಾಣುವ ಸಾಲು) "ಕರಡು ಹಂತ, ಓದಿ, ಆದರೆ ಶುಕ್ರವಾರದ ತನಕ ಅಭಿಪ್ರಾಯ ಬೇಡ" ಎಂದು ಬರೆಯಿರಿ. ಜನ ಕೇಳುತ್ತಾರೆ. ಕೇಳದ ಒಬ್ಬಿಬ್ಬರು ಎಲ್ಲ ಕಂಪನಿಯಲ್ಲೂ ಇರುತ್ತಾರೆ, ಅವರಿಗೋಸ್ಕರ ಉಳಿದವರನ್ನೆಲ್ಲ ಹೊರಗಿಡಬೇಡಿ.

ಉಳಿದ ಉತ್ತರ "ಮ್ಯಾನೇಜರ್ ನೋಡುತ್ತಾರೆ". ಇದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಅರ್ಧಕ್ಕರ್ಧ ಬೀಗಗಳ ಹಿಂದೆ ಇದೇ ಇದೆ ಎಂದು ನನ್ನ ಗುಮಾನಿ.

ಹಂತ 4: ಬೀಗ ಹಾಕಲೇಬೇಕಾದ ಜಾಗಗಳು

ಜನರ ವಿಷಯ ಮೊದಲು. ನೇಮಕಾತಿ ಚರ್ಚೆ, ಅಪ್ರೈಸಲ್, ಸಂಬಳ, ಯಾರದೋ ಆರೋಗ್ಯ, ಯಾರನ್ನೋ ತೆಗೆಯುವ ಮಾತು, ಇವೆಲ್ಲ ಬೀಗದ ಒಳಗೆ. ಲೈಂಗಿಕ ಕಿರುಕುಳದ ದೂರು ಬಂದರೆ ಇನ್ನೂ ಬಿಗಿ. ಪಾಶ್ ಎಂದು ಕರೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರು ಕೊಟ್ಟವರು, ದೂರಿಗೆ ಒಳಗಾದವರು, ಸಾಕ್ಷಿಗಳು ಯಾರೆಂದು ಹೊರಗೆ ಹೇಳುವಂತಿಲ್ಲ, ವಿಚಾರಣೆಯ ವಿವರ ಬಿಟ್ಟುಕೊಡುವಂತಿಲ್ಲ. ಮ್ಯಾನೇಜರ್‌ಗಳ ಮಾಮೂಲಿ ಪ್ರೈವೇಟ್ ಚಾನೆಲ್ ಕೂಡ ಇದಕ್ಕೆ ಜಾಗವಲ್ಲ. ದೂರು ನೋಡುವ ಸಮಿತಿಯವರಿಗೆ ಮಾತ್ರ ಬೇರೆ ಜಾಗ ಇರಬೇಕು. ಚಾಟ್‌ನಲ್ಲಿ ಅದರ ಮಾತೇ ಬಾರದಿದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಕಂಪನಿ ಷೇರುಪೇಟೆಯಲ್ಲಿದ್ದರೆ ತ್ರೈಮಾಸಿಕ ಲೆಕ್ಕ, ವಿಲೀನದ ಮಾತುಕತೆ, ಇಂಥವೂ ಬೀಗಕ್ಕೆ. ಸೆಬಿಯ ಇನ್ಸೈಡರ್ ಟ್ರೇಡಿಂಗ್ ನಿಯಮಗಳಲ್ಲಿ ಇಂಥ ಪ್ರಕಟವಾಗದ ಮಾಹಿತಿ ಯಾರ್ಯಾರ ಕೈಗೆ ಹೋಗಿದೆ ಎಂದು ದಾಖಲೆ ಇಡಬೇಕು ಎಂದೂ ಇದೆ. ಅಂದರೆ ಆ ಚಾನೆಲ್‌ನ ಸದಸ್ಯರ ಪಟ್ಟಿಗೇ ಒಂದು ತೂಕ ಇದೆ, ಸ್ನೇಹಕ್ಕೆ ಯಾರನ್ನೋ ಸೇರಿಸಬಾರದು.

ಗ್ರಾಹಕರ ಮಾಹಿತಿ ಬಗ್ಗೆ ಬಹಳ ಟೀಮ್‌ಗಳು ಎಡವುತ್ತವೆ. ಸಪೋರ್ಟ್‌ನವರು ಬಗ್ ತೋರಿಸಲು ಸ್ಕ್ರೀನ್‌ಶಾಟ್ ಹಾಕುತ್ತಾರೆ, ಅದರಲ್ಲಿ ಹೆಸರು, ಫೋನ್ ನಂಬರ್, ಪ್ಯಾನ್ ಎಲ್ಲಾ ಇರುತ್ತದೆ. ಇದಕ್ಕೆ ಇಡೀ ಸಪೋರ್ಟ್ ಚಾನೆಲ್‌ಗೆ ಬೀಗ ಹಾಕುವುದು ಸುಲಭದ ದಾರಿ, ಆದರೆ ತಪ್ಪು ದಾರಿ. ಆಗ ಡೆವಲಪರ್‌ಗಳಿಗೆ ಬಗ್ ಕಾಣುವುದೇ ನಿಲ್ಲುತ್ತದೆ. ಮಾಹಿತಿ ಟಿಕೆಟ್‌ನಲ್ಲಿ ಇರಲಿ, ಚಾನೆಲ್‌ಗೆ ಟಿಕೆಟ್ ನಂಬರ್ ಮಾತ್ರ ಬರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಶಿಸ್ತಿನ ಮಾತಾಗಿ ಉಳಿದಿಲ್ಲ.

ಪಾಸ್‌ವರ್ಡ್, ಟೋಕನ್, ಎಪಿಐ ಕೀ ಬಗ್ಗೆ ಚರ್ಚೆಯೇ ಬೇಡ. ಪಬ್ಲಿಕ್‌ನಲ್ಲೂ ಬೇಡ, ಪ್ರೈವೇಟ್‌ನಲ್ಲೂ ಬೇಡ, ಡಿಎಂನಲ್ಲೂ ಬೇಡ. ಪಾಸ್‌ವರ್ಡ್ ಮ್ಯಾನೇಜರ್ ಇರುವುದೇ ಅದಕ್ಕೆ. 2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸ್ಲ್ಯಾಕ್‌ಗೆ ಕಳ್ಳರು ನುಗ್ಗಿದ್ದು ಹತ್ತು ಡಾಲರ್‌ಗೆ ಕೊಂಡ ಕದ್ದ ಕುಕಿಯಿಂದ (ಲಾಗಿನ್ ನೆನಪಿಟ್ಟುಕೊಳ್ಳಲು ಬ್ರೌಸರ್ ಇಡುವ ಗುರುತು). ಒಳಗೆ ಬಂದವರು ಐಟಿ ಸಪೋರ್ಟ್‌ನವರಿಗೆ ಮೆಸೇಜ್ ಮಾಡಿ, ಪಾರ್ಟಿಯಲ್ಲಿ ಫೋನ್ ಕಳೆದುಹೋಯಿತು ಎಂದು ಹೇಳಿ ಲಾಗಿನ್ ಟೋಕನ್ ಪಡೆದರು, ಫಿಫಾ 21 ಆಟದ ಸೋರ್ಸ್ ಕೋಡ್ ಸೇರಿ ನೂರಾರು ಜಿಬಿ ಹೊತ್ತುಕೊಂಡು ಹೋದರು. ಒಳಗಿನ ವ್ಯಕ್ತಿಯ ವೇಷದಲ್ಲೇ ಕಳ್ಳ ಬಂದರೆ ಆ ವ್ಯಕ್ತಿಗೆ ತೆರೆದ ಬೀಗಗಳೆಲ್ಲ ಕಳ್ಳನಿಗೂ ತೆರೆದ ಹಾಗೆಯೇ.

ಕೊನೆಯದು, ಇನ್ನೂ ಸರಿಮಾಡದ ಸೆಕ್ಯುರಿಟಿ ದೋಷ. ಓಪನ್ ಎಂದು ಪ್ರಾಣ ಬಿಡುವ ಲಿನಕ್ಸ್ ಜಗತ್ತೂ ಇಲ್ಲಿ ಬೀಗ ಹಾಕುತ್ತದೆ. ಕರ್ನಲ್ (ಲಿನಕ್ಸ್‌ನ ತಿರುಳು) ಕೆಲಸವೆಲ್ಲ ಬಟ್ಟಬಯಲಿನಲ್ಲಿ ನಡೆದರೂ ಸೆಕ್ಯುರಿಟಿ ದೋಷ ವರದಿ ಮಾಡಲು ಬೇರೆ ಮುಚ್ಚಿದ ವಿಳಾಸ ಇದೆ. ಲಿನಕ್ಸ್ ಹಂಚುವ ಡೆಬಿಯನ್, ರೆಡ್‌ಹ್ಯಾಟ್‌ನಂಥವರಿಗೆ ಮುಂಚೆ ತಿಳಿಸುವ ಮುಚ್ಚಿದ ಇಮೇಲ್ ಪಟ್ಟಿಯೊಂದಿದೆ, ಅಲ್ಲಿ ಗುಟ್ಟು ಇಡಲು ಗರಿಷ್ಠ 14 ದಿನ. ನನಗೆ ಇಷ್ಟವಾದದ್ದು ಆ 14 ದಿನ. ಬೀಗ ಹಾಕುವಾಗಲೇ ತೆಗೆಯುವ ದಿನವೂ ಗೊತ್ತಿರಬೇಕು.

ಬೀಗ ಇದೆ ಎಂದು ನಿಶ್ಚಿಂತೆಯಾಗಿ ಇರುವಂತೆಯೂ ಇಲ್ಲ. ಪ್ರೊಸೆಸರ್ ಚಿಪ್‌ಗಳಲ್ಲಿ ಸಿಕ್ಕ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳನ್ನು 2018ರ ಜನವರಿ 9ಕ್ಕೆ ಹೊರಗೆ ಹಾಕುವುದು ಎಂದು ನಿಗದಿಯಾಗಿತ್ತು. ಆದರೆ ಅದಕ್ಕೆ ಬೇಕಾದ ಕರ್ನಲ್ ಬದಲಾವಣೆಗಳು ಓಪನ್ ಆಗಿಯೇ ಬರುತ್ತಿದ್ದವು. ಕಾರಣ ಹೇಳದೆ ಇಷ್ಟು ದೊಡ್ಡ ಬದಲಾವಣೆ, ಅದೂ ಇಷ್ಟು ಅವಸರದಲ್ಲಿ ಯಾಕೆ ಎಂದು ಹೊರಗಿನವರು ಊಹಿಸತೊಡಗಿದರು, ಪತ್ರಿಕೆಯಲ್ಲಿ ಬಂತು, ಕೊನೆಗೆ ಜನವರಿ 3ಕ್ಕೇ ಹೇಳಬೇಕಾಯಿತು. ನಿಮ್ಮ ಟೀಮ್‌ನಲ್ಲೂ ಇದೇ ಆಗುತ್ತದೆ: ಚರ್ಚೆ ಬೀಗದೊಳಗೆ, ಕಮಿಟ್ ಮೆಸೇಜ್ (ಕೋಡ್ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಹೊರಗೆ. ಬೀಗ ಹಾಕಿದರೆ ಟಿಕೆಟ್, ಬ್ರಾಂಚ್ ಹೆಸರು, ಪುಲ್ ರಿಕ್ವೆಸ್ಟ್ ಎಲ್ಲಕ್ಕೂ ಹಾಕಬೇಕು.

ಎಲ್ಲಿ ಗೆರೆ ಎಳೆಯಬೇಕು ಎಂದು ತಿಳಿಯದಿದ್ದರೆ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು ನಡೆಸುವ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಮಾಡುವುದನ್ನು ನೋಡಿ. ಅಲ್ಲಿ ಪ್ರತಿ ಪ್ರಾಜೆಕ್ಟ್‌ಗೂ ಒಂದು ಓಪನ್ ಇಮೇಲ್ ಪಟ್ಟಿ, ಒಂದು ಮುಚ್ಚಿದ ಇಮೇಲ್ ಪಟ್ಟಿ. ಹೊಸ ಕಮಿಟರ್ (ಕೋಡ್ ಬದಲಿಸುವ ಹಕ್ಕು ಇರುವವರು) ಆಗಿ ಯಾರನ್ನು ಸೇರಿಸಬೇಕು ಎಂಬ ಚರ್ಚೆ, ಸೆಕ್ಯುರಿಟಿ, ಕಾನೂನು, ಇಂಥವು ಮಾತ್ರ ಮುಚ್ಚಿದ್ದರಲ್ಲಿ. ತಾಂತ್ರಿಕ ನಿರ್ಧಾರ ಓಪನ್ ಪಟ್ಟಿಗೆ ಬರದಿದ್ದರೆ ಅದು ನಡೆದೇ ಇಲ್ಲ ಎಂದು ಲೆಕ್ಕ.

ಹಂತ 5: ಸಂಕೋಚ, ಅಂದರೆ ಇಡೀ ವಿಷಯದ ಬುಡ

ಬೆಂಗಳೂರಿನ ಯಾವ ಟೀಮ್‌ನಲ್ಲಾದರೂ ನೋಡಿ. ಕಾಲೇಜು ಮುಗಿಸಿ ಬಂದ ಹುಡುಗಿ ಸೀನಿಯರ್‌ಗೆ ಡಿಎಂ ಮಾಡುತ್ತಾಳೆ. ಬೆಳಿಗ್ಗೆ 10:40ಕ್ಕೆ "ಹಾಯ್ ಸರ್". ಅಷ್ಟೇ, ಮುಂದೆ ಏನೂ ಇಲ್ಲ. ಸರ್ ಮೀಟಿಂಗ್‌ನಲ್ಲಿದ್ದಾರೆ. 12:15ಕ್ಕೆ "ಹೇಳಿ" ಎನ್ನುತ್ತಾರೆ. "ಒಂದು ಡೌಟ್ ಇತ್ತು ಸರ್, ಫ್ರೀ ಇದ್ದೀರಾ?" ಊಟ ಆದ ಮೇಲೆ ಪ್ರಶ್ನೆ ಹೊರಬರುತ್ತದೆ: ಸ್ಟೇಜಿಂಗ್‌ಗೆ (ಪರೀಕ್ಷೆಯ ಸರ್ವರ್) ಕನೆಕ್ಟ್ ಮಾಡಿದರೆ 403, ಅಂದರೆ ಪ್ರವೇಶ ಇಲ್ಲ ಎಂಬ ಎರರ್, ಬರುತ್ತಿದೆ. "ಹಳೆಯ ವಿಪಿಎನ್ ಪ್ರೊಫೈಲ್ ಇರಬೇಕು, ಡಿಲೀಟ್ ಮಾಡಿ ಹೊಸದು ಹಾಕಿಕೊಳ್ಳಿ." ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ ಹೋಯಿತು. ಅದೇ ವಾರ ಪಕ್ಕದ ಟೀಮ್‌ನ ಹುಡುಗ ಅದೇ 403 ಹಿಡಿದುಕೊಂಡು ಇನ್ನೊಬ್ಬ ಸೀನಿಯರ್‌ಗೆ "ಹಾಯ್ ಸರ್" ಎಂದಿರುತ್ತಾನೆ.

ಈ ಹುಡುಗಿಗೆ "ಪಬ್ಲಿಕ್ ಚಾನೆಲ್‌ನಲ್ಲಿ ಕೇಳಮ್ಮ" ಎಂದು ಬುದ್ಧಿ ಹೇಳಿದರೆ ಆಗುವುದಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇದೆ. ಅರವತ್ತು ಜನರ ಮುಂದೆ ದಡ್ಡ ಪ್ರಶ್ನೆ ಕೇಳಿದರೆ ಅಪ್ರೈಸಲ್‌ನಲ್ಲಿ ನೆನಪಿರುತ್ತದೆ ಎಂದು ಅವಳಿಗೆ ಭಯ. ಮೇಲಾಗಿ ಓಪನ್ ಚಾನೆಲ್ ಎಂದರೆ ಇಂಗ್ಲಿಷ್‌ನಲ್ಲಿ ಬರೆಯಬೇಕು, ಡಿಎಂನಲ್ಲಾದರೆ ಕನ್ನಡದಲ್ಲೋ ಹಿಂದಿ ಬೆರೆಸಿಯೋ ಕೇಳಬಹುದು. ಕನ್ನಡ ಮೀಡಿಯಂನಿಂದ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಒಂದು ಸಾಲು ಬರೆದು, ಗ್ರಾಮರ್ ಸರಿಯಿದೆಯಾ ಎಂದು ಮೂರು ಸಲ ನೋಡಿ, ಕೊನೆಗೆ ಅಳಿಸಿ ಡಿಎಂಗೆ ಹೋಗುವವರು ನಿಮ್ಮ ಟೀಮ್‌ನಲ್ಲೂ ಇದ್ದಾರೆ, ನಿಮಗೆ ಕಾಣಿಸುತ್ತಿಲ್ಲ ಅಷ್ಟೇ.

ಹಾಗಾಗಿ ಬದಲಾಗಬೇಕಾದವರು ಸೀನಿಯರ್‌ಗಳು. ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಪ್ರಶ್ನೆಗೆಂದೇ ಓಪನ್ ಚಾನೆಲ್ ಮಾಡಿ, #ಬ್ಯಾಕೆಂಡ್-ಡೌಟ್ ಎನ್ನುವ ಹಾಗೆ. ಅಲ್ಲಿ ಯಾವ ಭಾಷೆಯಲ್ಲಾದರೂ ಕೇಳಬಹುದು ಎಂದು ಟಾಪಿಕ್‌ನಲ್ಲೇ ಬರೆಯಿರಿ. ಉತ್ತರ ಕೊಡುವವರು ಮೊದಲ ಸಾಲಿನಲ್ಲಿ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಇನ್ನೊಮ್ಮೆ ಹೇಳಿದರೆ ಚೆನ್ನೈನವರಿಗೂ ಸರ್ಚ್‌ನಲ್ಲಿ ಸಿಗುತ್ತದೆ.

ಎರಡನೆಯದು ಜಾಸ್ತಿ ಮುಖ್ಯ. ಆ ಚಾನೆಲ್‌ನಲ್ಲಿ ಮೊದಲ ಕೆಲವು ವಾರ ದಡ್ಡ ಪ್ರಶ್ನೆ ಕೇಳಬೇಕಾದವರು ಟೆಕ್ ಲೀಡ್. ನಾಟಕದ ಪ್ರಶ್ನೆ ಬೇಡ, ಜನಕ್ಕೆ ಗೊತ್ತಾಗುತ್ತದೆ. ಹತ್ತು ವರ್ಷ ಅನುಭವ ಇದ್ದವರಿಗೂ ದಿನಕ್ಕೆ ಒಂದಾದರೂ ಗೊತ್ತಿಲ್ಲದ್ದು ಎದುರಾಗುತ್ತದೆ, ಅದನ್ನು ಗೂಗಲ್‌ನಲ್ಲಿ ಗುಟ್ಟಾಗಿ ಹುಡುಕುವ ಬದಲು ಅಲ್ಲಿ ಕೇಳಲಿ. "ಈ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಯಾವ ಟೈಮ್‌ಝೋನ್‌ನಲ್ಲಿ ಓಡುತ್ತದೆ, ಯಾರಿಗಾದರೂ ಗೊತ್ತಾ?" ಎಂದು ಲೀಡ್ ಕೇಳಿದ್ದನ್ನು ನೋಡಿದ ಮೇಲೆ ಫ್ರೆಶರ್‌ಗೆ ಧೈರ್ಯ ಬರುತ್ತದೆ.

ಮೂರು, ಡಿಎಂನಲ್ಲಿ ಪ್ರಶ್ನೆ ಬಂದರೆ ಅಲ್ಲೇ ಉತ್ತರ ಕೊಡಿ. ಸತಾಯಿಸಬೇಡಿ. "ಇದನ್ನು ಚಾನೆಲ್‌ನಲ್ಲಿ ಕೇಳಿ, ಅಲ್ಲೇ ಹೇಳುತ್ತೇನೆ" ಎಂದರೆ ಮುಂದಿನ ಸಲ ಅವರು ಡಿಎಂನಲ್ಲೂ ಕೇಳುವುದಿಲ್ಲ. ಉತ್ತರ ಕೊಟ್ಟ ಮೇಲೆ "ಇದು ಬೇರೆಯವರಿಗೂ ಉಪಯೋಗ ಆಗುತ್ತದೆ, ನಿಮ್ಮ ಹೆಸರಿಲ್ಲದೆ ಡೌಟ್ ಚಾನೆಲ್‌ಗೆ ಹಾಕಲಾ?" ಎಂದು ಕೇಳಿ. ಹೂಂ ಅಂದರೆ ನಿಮ್ಮದೇ ಮಾತಿನಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಹಾಕಿ. ಡಿಎಂ ಸ್ಕ್ರೀನ್‌ಶಾಟ್ ಮಾತ್ರ ಯಾವತ್ತೂ ಹಾಕಬೇಡಿ.

ನಾಲ್ಕು, ಓಪನ್ ಚಾನೆಲ್‌ನಲ್ಲಿ ಯಾರಾದರೂ "ಇದು ವಿಕಿಯಲ್ಲಿದೆ, ನೋಡಿಲ್ವಾ?" ಎಂದು ಚುಚ್ಚಿದರೆ ಅದೇ ದಿನ ಅವರೊಬ್ಬರಿಗೇ ಹೇಳಿ, ಡಿಎಂನಲ್ಲಿ. ಹೊಗಳಿಕೆ ಓಪನ್‌ನಲ್ಲಿ, ತಿದ್ದುವುದು ಡಿಎಂನಲ್ಲಿ. ಒಂದು ಚುಚ್ಚು ಮಾತಿಗೆ ಹತ್ತು ಜನರ ಬಾಯಿ ಮುಚ್ಚಿಸುವ ಶಕ್ತಿ ಇದೆ.

ಹಂತ 6: ಸರ್ವರ್ ಬಿದ್ದಾಗ

ಪ್ರೊಡಕ್ಷನ್ (ಗ್ರಾಹಕರು ಬಳಸುವ ಸರ್ವರ್) ಬಿದ್ದಾಗ ಮೊದಲು ಬರುವ ಆಸೆ ಬಾಗಿಲು ಹಾಕಿಕೊಳ್ಳುವುದು. ಆನ್‌ಕಾಲ್‌ನಲ್ಲಿ (ತುರ್ತು ಕರೆಯ ಪಾಳಿ) ಇರುವವರು ಮೂರು ಜನರ ಗ್ರೂಪ್ ಡಿಎಂ ಮಾಡಿ ಅಲ್ಲೇ ಒದ್ದಾಡುತ್ತಾರೆ. ಹೊರಗೆ ಸಪೋರ್ಟ್‌ನವರು, ಸೇಲ್ಸ್‌ನವರು, ಬಾಸ್ ಎಲ್ಲರೂ ಬೇರೆ ಬೇರೆಯಾಗಿ "ಅಪ್‌ಡೇಟ್ ಏನು?" ಎಂದು ಅವರ ಜೀವ ತಿನ್ನುತ್ತಾರೆ. ನಾಲ್ಕನೆಯ ಒಬ್ಬರಿಗೆ ಕಾರಣ ಗೊತ್ತಿರುತ್ತದೆ, ಆದರೆ ಅವರಿಗೆ ಕೇಳಿಸುವುದೇ ಇಲ್ಲ.

ಔಟೇಜ್ ಎಂದರೆ ಓಪನ್ ಚಾನೆಲ್, ದಿನಾಂಕ ಹೆಸರಲ್ಲೇ ಇರಲಿ: #ಇನ್ಸಿಡೆಂಟ್-0612-ಚೆಕೌಟ್. ಇಂಥ ಹೊತ್ತಲ್ಲಿ ಓಪನ್ ಆಗಿರುವುದಕ್ಕೆ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯದ್ದು ದೊಡ್ಡ ಉದಾಹರಣೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕಮಾಂಡ್ ಕೊಟ್ಟರು, ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿ ಡೇಟಾಬೇಸ್‌ನಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗಳೂ ಕೈಕೊಟ್ಟವು. ಅವರು ರಿಪೇರಿಯ ಟಿಪ್ಪಣಿಗಳನ್ನು ಇಡೀ ಜಗತ್ತು ಓದುವಂತೆ ಗೂಗಲ್ ಡಾಕ್‌ನಲ್ಲಿ ಇಟ್ಟರು, ಕೆಲಸ ಮಾಡುವುದನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು. ಸುಮಾರು ಆರು ಗಂಟೆಗಳ ಡೇಟಾ ಹೋಯಿತು, ಆದರೆ ಏನಾಯಿತು ಎಂದು ಯಾರೂ ಊಹಿಸಬೇಕಾಗಲಿಲ್ಲ. ನಾವು ಅಷ್ಟು ದೂರ ಹೋಗಬೇಕಿಲ್ಲ, ಕಂಪನಿಯ ಒಳಗೆ ಓಪನ್ ಇದ್ದರೆ ಸಾಕು.

ಒಂದು ಬದಲಾವಣೆ ಮಾಡಿಕೊಳ್ಳಿ. ಇನ್ಸಿಡೆಂಟ್ ಚಾನೆಲ್‌ನಲ್ಲಿ ಒಬ್ಬರಿಗೆ ಬರೆಯುವ ಕೆಲಸ ಮಾತ್ರ ಕೊಡಿ. ಅವರು ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಹಾಕುತ್ತಾರೆ:

"3:15. ಚೆಕೌಟ್ ಇನ್ನೂ ಡೌನ್. ಪೇಮೆಂಟ್ ಸರ್ವೀಸ್ ಡೇಟಾಬೇಸ್ ಕನೆಕ್ಷನ್ ತುಂಬಿದೆ. 2:50ರ ಡಿಪ್ಲಾಯ್ ವಾಪಸ್ ತೆಗೆಯುತ್ತಿದ್ದೇವೆ. ಮುಂದಿನ ಅಪ್‌ಡೇಟ್ 3:30ಕ್ಕೆ. ಪ್ರಶ್ನೆಗಳು ಈ ಥ್ರೆಡ್‌ನಲ್ಲಿ."

ಕೊನೆಯ ಎರಡು ವಾಕ್ಯ ಇಲ್ಲದಿದ್ದರೆ ಇಡೀ ಕಂಪನಿ ಬಂದು ಚಾನೆಲ್‌ನಲ್ಲಿ ಕೂಗುತ್ತದೆ.

ಆದರೆ ಯಾರೋ ಒಳಗೆ ನುಗ್ಗಿದ್ದಾರೆ ಎಂಬ ಅನುಮಾನ ಬಂದ ಕ್ಷಣ ದಾರಿ ಬೇರೆ. ಆಗ ಪ್ರೈವೇಟ್, ಸಣ್ಣ ಗುಂಪು, ಕಳ್ಳ ನಿಮ್ಮ ಚಾಟ್ ಓದುತ್ತಿರಬಹುದು ಎಂದಾದರೆ ಬೇರೆ ಟೂಲ್ ಅಥವಾ ಫೋನ್. ಭಾರತದಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್‌-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆದ್ದರಿಂದ ಲೀಗಲ್‌ನವರು ಯಾರು, ವರದಿ ಕಳಿಸುವವರು ಯಾರು ಎಂದು ಮುಂಚೆಯೇ ಪಟ್ಟಿ ಮಾಡಿಡಿ. ಬೆಳಗಿನ ಜಾವ 2 ಗಂಟೆಗೆ ಚಾನೆಲ್‌ಗೆ ಯಾರನ್ನು ಸೇರಿಸಬೇಕು ಎಂದು ಚರ್ಚೆ ಮಾಡಿದರೆ ಒಂದು ಗಂಟೆ ಅಲ್ಲೇ ಹೋಗುತ್ತದೆ.

ಹಂತ 7: ನಡುವಿನ ಜಾಗಗಳು

ಮ್ಯಾನೇಜರ್‌ಗಳ ಪ್ರೈವೇಟ್ ಚಾನೆಲ್ ಬೇಡ ಎನ್ನುವವರಿದ್ದಾರೆ, ನಾನು ಆ ಗುಂಪಲ್ಲ. ಜನರ ಬಗ್ಗೆ ಮಾತಾಡಲು ಅವರಿಗೆ ಜಾಗ ಬೇಕು. ಷರತ್ತು ಒಂದೇ: ಅಲ್ಲಿ ಆದ ನಿರ್ಧಾರ ಇಡೀ ಟೀಮ್‌ಗೆ ತಟ್ಟುವಂಥದ್ದಾದರೆ ಮರುದಿನದೊಳಗೆ ಓಪನ್ ಚಾನೆಲ್‌ಗೆ ಬರಬೇಕು, ಯಾಕೆ ಎಂಬುದರ ಸಮೇತ. ಟೀಮ್‌ನ ಹರಟೆ ಚಾನೆಲ್ ಕೂಡ ಪ್ರೈವೇಟ್ ಇರಲಿ. ಬಿರಿಯಾನಿ ಆರ್ಡರ್, ಆರ್‌ಸಿಬಿ ಮ್ಯಾಚ್, ಯಾರದೋ ಮದುವೆ ಗಿಫ್ಟ್, ಇದಕ್ಕೆಲ್ಲ ಪಾರದರ್ಶಕತೆ ಯಾಕೆ? ಅಲ್ಲಿ ಕೆಲಸದ ಮಾತು ಶುರುವಾದರೆ ಯಾರಾದರೂ ಒಬ್ಬರು "ಇದನ್ನು ಟೀಮ್ ಚಾನೆಲ್‌ಗೆ ತಗೊಂಡು ಹೋಗೋಣ" ಎಂದರೆ ಸಾಕು.

ಸರ್ವೀಸ್ ಕಂಪನಿಯಲ್ಲಿ ಇರುವವರಿಗೆ ಬೇರೆ ಎಚ್ಚರ ಬೇಕು. ನೀವು ಕ್ಲೈಂಟ್‌ನ ವರ್ಕ್‌ಸ್ಪೇಸ್ ಒಳಗೆ ಕೆಲಸ ಮಾಡುತ್ತಿದ್ದರೆ ಅಲ್ಲಿನ ಓಪನ್ ಚಾನೆಲ್ ಕ್ಲೈಂಟ್‌ನ ಎಲ್ಲರಿಗೂ ಓಪನ್. ಅಲ್ಲಿನ ಪ್ರೈವೇಟ್ ಚಾನೆಲ್ ಕೂಡ ನಿಮ್ಮದಲ್ಲ, ಅವರ ಅಡ್ಮಿನ್ ಕೈಯಲ್ಲಿದೆ. ಎಸ್ಟಿಮೇಟ್ ಎಷ್ಟು ಹೇಳಬೇಕು, ಯಾರನ್ನು ಆ ಪ್ರಾಜೆಕ್ಟ್‌ನಿಂದ ತೆಗೆಯಬೇಕು, ಇಂಥ ಮಾತು ನಿಮ್ಮ ಕಂಪನಿಯ ಚಾಟ್‌ನಲ್ಲೇ ಇರಲಿ. ಎರಡು ಕಂಪನಿ ಹಂಚಿಕೊಂಡ ಚಾನೆಲ್ ಇದ್ದರೆ ಹೆಸರಿನ ಮೊದಲೇ "ಹೊರಗೆ" ಎಂದು ಸೇರಿಸಿ. ಸಂಜೆ ಏಳಕ್ಕೆ ಸುಸ್ತಾಗಿ ಟೈಪ್ ಮಾಡುವ ಕೈಗೆ ಆ ಒಂದು ಪದ ಕಂಡರೆ ಬೆರಳು ನಿಲ್ಲುತ್ತದೆ.

ಹಂತ 8: ಬೀಗ ಹಾಕುವುದಾದರೆ ಹೀಗೆ ಹಾಕಿ

ಟಾಪಿಕ್‌ನಲ್ಲಿ ಮೂರು ವಿಷಯ ಬರೆಯಿರಿ. ಯಾಕೆ ಬೀಗ, ಯಾರು ನೋಡಿಕೊಳ್ಳುತ್ತಾರೆ, ಯಾವಾಗ ಮುಚ್ಚುತ್ತೇವೆ. ಉದಾಹರಣೆಗೆ: "ಲಾಗಿನ್ ದೋಷದ ಚರ್ಚೆ. ಪ್ಯಾಚ್ ಬಿಡುವ ತನಕ. ಜವಾಬ್ದಾರಿ: ಸೆಕ್ಯುರಿಟಿ ಲೀಡ್. ಜುಲೈ 10ಕ್ಕೆ ಆರ್ಕೈವ್." (ಆರ್ಕೈವ್ ಎಂದರೆ ಇನ್ನು ಬರೆಯಲಾಗದಂತೆ ಮುಚ್ಚಿಡುವುದು.) ಕಾರಣದ ಸಾಲು ಬರೆಯಲು ಆಗುತ್ತಿಲ್ಲ ಎಂದರೆ ಬೀಗ ಬೇಕಾಗಿಲ್ಲ.

ಹೆಸರು ಸಪ್ಪೆಯಾಗಿರಲಿ. ಪ್ರೈವೇಟ್ ಚಾನೆಲ್ ಹೊರಗಿನವರಿಗೆ ಕಾಣುವುದಿಲ್ಲ ನಿಜ. ಆದರೆ ಸ್ಪ್ರಿಂಟ್ ಡೆಮೋದಲ್ಲಿ ನಲವತ್ತು ಜನರಿಗೆ ಸ್ಕ್ರೀನ್ ಶೇರ್ ಮಾಡಿದಾಗ ಎಡಗಡೆ ಪಟ್ಟಿಯಲ್ಲಿ #ಲೇಆಫ್-ಪಟ್ಟಿ ಎಂದು ದಪ್ಪಕ್ಷರದಲ್ಲಿ ಹೊಳೆಯುತ್ತದೆ. #ಪ್ಲಾನಿಂಗ್-ಬಿ ಎಂದಿಟ್ಟರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಬಾಟ್‌ಗಳನ್ನು ಮರೆಯಬೇಡಿ. ಅಲರ್ಟ್‌ಗಳನ್ನು ಪ್ರೈವೇಟ್ ಚಾನೆಲ್‌ಗೆ ಹರಿಸಿದರೆ ಅದನ್ನು ನೋಡಿ ಸರಿಮಾಡಬಲ್ಲವರು ಹೊರಗೇ ಉಳಿಯುತ್ತಾರೆ. ಅಲರ್ಟ್ ಯಾವಾಗಲೂ ಓಪನ್.

ಹಂತ 9: ಹಳೆಯ ಬೀಗಗಳನ್ನು ಏನು ಮಾಡುವುದು

ಇದುವರೆಗೆ ಓದಿ ಹುರುಪು ಬಂದು ಹಳೆಯ ಪ್ರೈವೇಟ್ ಚಾನೆಲ್‌ಗಳನ್ನೆಲ್ಲ ಪಬ್ಲಿಕ್ ಮಾಡಲು ಅಡ್ಮಿನ್‌ಗೆ ಹೇಳಬೇಡಿ. ಅಲ್ಲಿ ಜನ ಬೀಗ ಇದೆ ಎಂದು ನಂಬಿ ಬರೆದಿದ್ದಾರೆ. ಮೂರು ವರ್ಷದ ಹಿಂದೆ ಯಾರೋ ಯಾರ ಕೋಡ್ ಬಗ್ಗೆಯೋ ಏನೋ ಅಂದಿರುತ್ತಾರೆ, ಅದು ಒಂದೇ ರಾತ್ರಿಯಲ್ಲಿ ಎಲ್ಲರ ಸರ್ಚ್‌ಗೆ ಸಿಕ್ಕರೆ ಆ ಟೀಮ್ ಮತ್ತೆ ಯಾವತ್ತೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ.

ಸುರಕ್ಷಿತ ದಾರಿ ಹೀಗೆ. ಅದೇ ಕೆಲಸಕ್ಕೆ ಹೊಸ ಓಪನ್ ಚಾನೆಲ್ ಮಾಡಿ. ಹಳೆಯದರಲ್ಲಿ ಬರೆಯಿರಿ: "ಸೋಮವಾರದಿಂದ ಕೆಲಸದ ಮಾತು ಹೊಸ ಚಾನೆಲ್‌ನಲ್ಲಿ. ಇದನ್ನು ಮುಂದಿನ ಶುಕ್ರವಾರ ಆರ್ಕೈವ್ ಮಾಡುತ್ತೇವೆ. ಇಲ್ಲಿನ ಯಾವ ಮೆಸೇಜೂ ಹೊರಗೆ ಹೋಗುವುದಿಲ್ಲ. ಬೇಕಾದ ನಿರ್ಧಾರಗಳಿದ್ದರೆ ಈ ವಾರ ಡಾಕ್ಯುಮೆಂಟ್‌ಗೆ ಹಾಕಿಕೊಳ್ಳೋಣ." ಪಿನ್ ಮಾಡಿದ ಮೆಸೇಜ್‌ಗಳಿಂದ ಶುರು ಮಾಡಿ, ಬೇಕಾದದ್ದು ಹೆಚ್ಚುಪಾಲು ಅಲ್ಲೇ ಇರುತ್ತದೆ. ಎಲ್ಲ ಟೀಮ್‌ಗಳಿಗೂ ಒಟ್ಟಿಗೆ ಮಾಡಬೇಡಿ, ಒಂದು ಟೀಮ್ ಮಾಡಿ ತೋರಿಸಲಿ.

ಸ್ಲ್ಯಾಕ್‌ನ ಫ್ರೀ ಪ್ಲಾನ್‌ನಲ್ಲಿದ್ದರೆ ಇನ್ನೂ ಬೇಗ ಮಾಡಿ. ಅಲ್ಲಿ 2022ರ ಸೆಪ್ಟೆಂಬರ್‌ನಿಂದ ಕಳೆದ 90 ದಿನಗಳ ಮೆಸೇಜ್ ಮಾತ್ರ ಕಾಣುತ್ತವೆ, ವರ್ಷ ದಾಟಿದ್ದನ್ನು ಪೂರ್ತಿ ಅಳಿಸುತ್ತಾರೆ. ಅಂದರೆ ಓಪನ್ ಮಾಡಿದರೂ ಮುಚ್ಚಿದರೂ ಮಾತು ಉಳಿಯುವುದಿಲ್ಲ. ದುಡ್ಡು ಕೊಟ್ಟು ಬಳಸುವ ಗಿಟ್‌ಲ್ಯಾಬ್‌ನಂಥ ಕಂಪನಿಯೇ ತನ್ನ ಸ್ಲ್ಯಾಕ್ ಮೆಸೇಜ್‌ಗಳನ್ನು 90 ದಿನಕ್ಕೆ ಅಳಿಸುವ ರೂಲ್ ಇಟ್ಟುಕೊಂಡದ್ದು, ನಿರ್ಧಾರಗಳು ಹ್ಯಾಂಡ್‌ಬುಕ್‌ಗೆ, ಇಶ್ಯೂಗೆ (ಅವರ ಕೆಲಸದ ಟಿಕೆಟ್) ಹೋಗಲಿ ಎಂಬ ಲೆಕ್ಕದಲ್ಲಿ.

ಹಂತ 10: ಮೂರು ತಿಂಗಳಿಗೊಮ್ಮೆ

ಅರ್ಧ ಗಂಟೆ ಸಾಕು. ಪ್ರತಿಯೊಬ್ಬರೂ ತಮ್ಮ ಪಟ್ಟಿಯಲ್ಲಿರುವ ಬೀಗದ ಚಾನೆಲ್‌ಗಳನ್ನು ನೋಡಲಿ. ದಿನಾಂಕ ದಾಟಿದ್ದು ಆರ್ಕೈವ್. ಟಾಪಿಕ್‌ನಲ್ಲಿ ಕಾರಣ ಇಲ್ಲದ್ದಕ್ಕೆ ಕಾರಣ ಬರೆಯಿರಿ ಇಲ್ಲವೇ ಓಪನ್ ಚಾನೆಲ್‌ಗೆ ಹೋಗಿ. ಸದಸ್ಯರ ಪಟ್ಟಿ ನೋಡಿ, ಬೇರೆ ಟೀಮ್‌ಗೆ ಹೋದವರು ಇನ್ನೂ ನೇಮಕಾತಿ ಚಾನೆಲ್‌ನಲ್ಲಿ ಕೂತಿರುತ್ತಾರೆ. ಕಂಪನಿ ಬಿಟ್ಟವರ ಸ್ಲ್ಯಾಕ್ ಅಕೌಂಟನ್ನು ಎಚ್‌ಆರ್ ಮುಚ್ಚಿಸುತ್ತಾರೆ, ಆದರೆ "ರಿಲೀಸ್ ಗ್ಯಾಂಗ್" ಎಂಬ ವಾಟ್ಸಾಪ್ ಗ್ರೂಪ್‌ನಿಂದ ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ಪ್ರೊಡಕ್ಷನ್ ಸ್ಕ್ರೀನ್‌ಶಾಟ್‌ಗಳು ಈಗ ಬೇರೆ ಕಂಪನಿಯಲ್ಲಿರುವವರ ಫೋನ್‌ಗೆ ಹೋಗುತ್ತಲೇ ಇರುತ್ತವೆ. ಆ ಗ್ರೂಪ್‌ನ ಅಡ್ಮಿನ್ ಯಾರು ಎಂದು ಇವತ್ತೇ ಹುಡುಕಿ.